ಹಾಲು ಉಕ್ಕಿಸುವ ಮುನ್ನ ಮಾಳಿಗೆ ಹತ್ತಿ ನೋಡಿ: ವಿಜಯಪುರದಲ್ಲಿ ಹಳೆ ಮನೆ ಕೊಂಡವರಿಗೆ ಕಡಿಮೆ ಖರ್ಚಿನ ದುರಸ್ತಿ

ಹಳೆ ಮನೆ ಕೊಂಡವರು ಹಾಲು ಉಕ್ಕಿಸುವ ದಿನ ಗೊತ್ತಾದ ಕೂಡಲೇ ಹೋಗುವುದು ಬಣ್ಣದ ಅಂಗಡಿಗೆ. ಬೀಗರು-ಬಿಜ್ಜರು ಬರುತ್ತಾರೆ, ಗೋಡೆ ಚೆಂದ ಕಾಣಬೇಕು. ಹಾಗೆ ಏಪ್ರಿಲ್‌ನಲ್ಲಿ ಹಚ್ಚಿದ ಬಣ್ಣ ಸೆಪ್ಟೆಂಬರ್ ಮಳೆಗೆ ಹಪ್ಪಳದ ಹಾಗೆ ಏಳುತ್ತದೆ. ತಪ್ಪು ಬಣ್ಣದ್ದಲ್ಲ, ಮೇಲಿನ ಮಾಳಿಗೆಯದು. ಕೈಯಲ್ಲಿ ಐವತ್ತು ಸಾವಿರ ಇರಲಿ, ಎರಡು ಲಕ್ಷ ಇರಲಿ, ಖರ್ಚಿನ ಸರದಿ ಒಂದೇ: ಕರೆಂಟು, ನೀರು, ಮಾಳಿಗೆ, ಗೋಡೆಯ ಹಸಿ, ಆಮೇಲೆ ನೆಲ, ಎಲ್ಲಕ್ಕೂ ಕಡೆಗೆ ಬಣ್ಣ.

ಐವತ್ತು ಸಾವಿರ ಇದ್ದರೆ ಹೀಗೆ ಹಂಚಿಕೊಳ್ಳಬಹುದು: ಮಾಳಿಗೆಗೆ 20 ಸಾವಿರ, ಕರೆಂಟಿಗೆ 12, ಗೋಡೆಗೆ 7, ನೀರಿಗೆ 6. ಉಳಿದ 5 ಸಾವಿರ ಮುಟ್ಟಬೇಡಿ. ಹಳೆ ಗೋಡೆಗೆ ಚಾಣ ಹಚ್ಚಿದ ಮೇಲೆ ಒಳಗೆ ಏನಿದೆ ಎಂದು ಗೊತ್ತಾಗುವುದು, ಆ ದುಡ್ಡು ಅದಕ್ಕೆ. ಬಣ್ಣ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಹಬ್ಬಕ್ಕೆ ಮನೆ ಬೆಳ್ಳಗೆ ಕಾಣಲೇಬೇಕೆಂದರೆ ಸುಣ್ಣ ಹೊಡೆಸಿ ಮುಗಿಸಿ.

ಸಾಮಾನು ತರುವ ಮೊದಲ ದಿನಗಳು

ಖಾಲಿ ಮನೆಯಲ್ಲಿ ಒಂದು ದಿನದಲ್ಲಿ ಆಗುವ ಕೆಲಸಕ್ಕೆ ಸಾಮಾನು ತುಂಬಿದ ಮನೆಯಲ್ಲಿ ನಾಲ್ಕು ದಿನ ಹಿಡಿಯುತ್ತದೆ. ಟ್ರಂಕು, ಗಾದಿ, ತಿಜೋರಿ ಒಳಗೆ ಬರುವ ಮುನ್ನ ಒಂದು ವಾರ ಬಿಡುವು ಇಟ್ಟುಕೊಳ್ಳಿ.

ಮುಂಬಾಗಿಲ ಕೀಲಿ ಮೊದಲು ಬದಲಾಯಿಸಿ. ಹಳೆ ಕೀಲಿಯ ಚಾವಿ ಯಾರ ಯಾರ ಕೈಯಲ್ಲಿದೆಯೋ ಗೊತ್ತಿರುವುದಿಲ್ಲ. ಬಾಗಿಲಲ್ಲೇ ಕೂಡಿಸಿದ ಕೀಲಿಯಾದರೆ ಇಡೀ ಕೀಲಿ ಬೇಡ, ಒಳಗಿನ ಸಿಲಿಂಡರ್ ಮಾತ್ರ ಬದಲಿಸಿದರೆ ಸಾಕು. ಆಮೇಲೆ ಮೂರು ಜಾಗ ಹುಡುಕಿ ಮನೆಮಂದಿಗೆಲ್ಲ ತೋರಿಸಿ: ಕರೆಂಟಿನ ಮೇನ್ ಸ್ವಿಚ್, ನಳದ ನೀರು ಬಂದ್ ಮಾಡುವ ವಾಲ್ವ್, ಬಚ್ಚಲು-ಸಂಡಾಸಿನ ಚೇಂಬರಿನ ಮುಚ್ಚಳ. ಹಳೆ ಮನೆಗಳಲ್ಲಿ ಚೇಂಬರಿನ ಮೇಲೆ ಫರಸಿ ಹಾಸಿ ಮುಚ್ಚಿಬಿಟ್ಟಿರುತ್ತಾರೆ. ಅದು ಎಲ್ಲಿದೆ ಎಂದು ಹಳೆ ಮಾಲೀಕರು ಸಿಗುವಾಗಲೇ ಕೇಳಿಕೊಳ್ಳಬೇಕು.

ಹೆಸ್ಕಾಂ ಬಿಲ್ಲಿನ ಮೇಲೆ ಆರ್‌ಆರ್ ನಂಬರ್ ಇರುತ್ತದೆ. ಬಾಕಿ ಆ ನಂಬರಿಗೆ ಅಂಟಿರುತ್ತದೆ, ಆದ್ದರಿಂದ ಖರೀದಿ ಪತ್ರ ಆಗುವ ಮುನ್ನವೇ ಬಾಕಿ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಹೆಸರು ಬದಲಿಗೆ ಅರ್ಜಿ ಹಾಕುವಾಗ ಮಂಜೂರಾದ ಲೋಡ್ ಎಷ್ಟೆಂದು ನೋಡಿ. ಒಂದು ಕಿಲೋವ್ಯಾಟ್ ಮೇಲೆ ಗೀಜರ್, ಎಸಿ ಎರಡೂ ನಡೆಸುವ ಯೋಚನೆ ಇದ್ದರೆ ಲೋಡ್ ಹೆಚ್ಚಿಸಲು ಅದೇ ಹೊತ್ತಿಗೆ ಕೇಳಿ. ಹಳೆಯವರ ಆಧಾರ್ ಗೃಹಜ್ಯೋತಿಗೆ ಜೋಡಣೆಯಾಗಿದ್ದರೆ ಅವರಿಂದಲೇ ಬಿಡಿಸಿ ನಿಮ್ಮದನ್ನು ಜೋಡಿಸಬೇಕು.

ಕರೆಂಟು: ಬೇಸಿಗೆಯಲ್ಲಿ ಅರ್ಥಿಂಗ್ ಸಾಯುತ್ತದೆ

ಈ ಭಾಗದ ಹಳೆ ಮನೆಗಳಲ್ಲಿ ವೈರಿಂಗ್‌ಗಿಂತ ಮೊದಲು ಅನುಮಾನಿಸಬೇಕಾದದ್ದು ಅರ್ಥಿಂಗ್. ಮಳೆಗಾಲದಲ್ಲಿ ಮೀಟರ್ ಹಿಡಿದರೆ ಸರಿ ತೋರಿಸುತ್ತದೆ. ಮಾರ್ಚ್ ದಾಟಿ ನೆಲ ಬಿರಿದ ಮೇಲೆ ಮಣ್ಣಿನಲ್ಲಿ ಹಸಿ ಇರುವುದಿಲ್ಲ, ಕರೆಂಟು ಭೂಮಿಗೆ ಇಳಿಯುವ ದಾರಿ ಮುಚ್ಚುತ್ತದೆ. ತಗಡಿನ ಕೂಲರಿನಲ್ಲಿ ನೀರು, ಮೋಟಾರು, ಪಂಪು ಎಲ್ಲ ಒಟ್ಟಿಗೆ ಓಡುವುದೂ ಇದೇ ಹೊತ್ತಿಗೆ. ಕೂಲರ್ ಮುಟ್ಟಿ ಶಾಕ್ ಹೊಡೆಯುವುದರ ಹಿಂದಿರುವ ಲೆಕ್ಕ ಇಷ್ಟೇ.

ಅರ್ಥಿಂಗ್ ಗುಂಡಿ ಹೊಸದಾಗಿ ತೋಡಿಸುವುದಾದರೆ 40 ಮಿ.ಮೀ. ಜಿಐ ಪೈಪು, ಕಡಿಮೆಯೆಂದರೆ ಎರಡೂವರೆ ಮೀಟರ್ ಉದ್ದ, ಕೆಳಭಾಗದಲ್ಲಿ ತೂತು ಕೊರೆದದ್ದು. ಸುತ್ತ ಇದ್ದಿಲು ಒಂದು ಪದರ, ಉಪ್ಪು ಒಂದು ಪದರ. ಮೇಲೆ ನೀರು ಹಾಕಲು ಬಾಯಿ ಬಿಟ್ಟಿರಬೇಕು. ಕೆಲಸ ಮುಗಿದಾಗ ಎಲೆಕ್ಟ್ರಿಶಿಯನ್ ಕೈಲಿ ಅಳೆಸಿ. ಮನೆಗೆ 5 ಓಮ್ ಒಳಗೆ ಬರಬೇಕು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಮೂರು ನಾಲ್ಕು ಕೊಡ ನೀರು ಹಾಕಿ. ಇದಕ್ಕೆ ಕುಡಿಯುವ ನೀರು ಸುರಿಯಬೇಕಿಲ್ಲ. ಆರ್‌ಒ ಯಂತ್ರ ಹೊರಗೆ ಬಿಡುವ ಉಪ್ಪುನೀರಿನ ಪೈಪನ್ನು ಗುಂಡಿಯ ಕಡೆಗೆ ತಿರುಗಿಸಿಬಿಟ್ಟರೆ ಅದಕ್ಕಿಂತ ಒಳ್ಳೆಯ ಬಳಕೆ ಆ ನೀರಿಗೆ ಇಲ್ಲ.

ಎರಡನೆಯದು ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ತಾನೇ ಬಿದ್ದು ಲೈನು ಬಂದ್ ಮಾಡುವ ಸ್ವಿಚ್. 30 ಮಿಲಿಆಂಪಿಯರಿನದೇ ಕೇಳಿ. 100 ಅಥವಾ 300ರದು ಬೆಂಕಿ ತಡೆಯಲಿಕ್ಕೆ, ಮನುಷ್ಯನ ಜೀವ ಉಳಿಸಲಿಕ್ಕಲ್ಲ. ಹಾಕಿಸಿದ ಮೇಲೆ ಅದರ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ, ತಟ್ಟನೆ ಬೀಳಬೇಕು. ಹಳೆ ವೈರಿಂಗ್ ಇದ್ದ ಮನೆಯಲ್ಲಿ ಹೊಸ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ. ಆಗ "ಇದು ಕೆಟ್ಟದ್ದು, ತೆಗೆಸಿಬಿಡಿ" ಎನ್ನುವವರು ಸಿಗುತ್ತಾರೆ. ತೆಗೆಸಬೇಡಿ. ಎಲ್ಲೋ ಹಸಿ ಗೋಡೆಯೊಳಗೆ ವೈರು ಸೋರುತ್ತಿದೆ ಎಂದು ಅದು ಹೇಳುತ್ತಿದೆ. ಒಂದೊಂದೇ ಎಂಸಿಬಿ (ಪ್ರತಿ ಸಾಲಿಗೆ ಫ್ಯೂಸಿನ ಬದಲು ಇರುವ ಸ್ವಿಚ್) ಇಳಿಸುತ್ತ ಹೋದರೆ ಯಾವ ಸಾಲಿನಲ್ಲಿ ಎಂದು ಗೊತ್ತಾಗುತ್ತದೆ. ಕೆಲವು ಸಲ ಎಂಸಿಬಿ ಇಳಿಸಿದರೂ ನ್ಯೂಟ್ರಲ್‌ನಿಂದ ಸೋರಿಕೆ ಉಳಿಯುತ್ತದೆ, ಅಂಥಲ್ಲಿ ಎಲೆಕ್ಟ್ರಿಶಿಯನ್ ಆ ಸಾಲನ್ನೇ ಬಿಚ್ಚಿ ನೋಡಬೇಕು.

ವೈರಿನ ದಪ್ಪ ಬಾಯಿಪಾಠ ಇರಲಿ: ದೀಪ, ಫ್ಯಾನಿಗೆ 1.5 ಚದರ ಮಿ.ಮೀ., ಮಿಕ್ಸರ್-ಫ್ರಿಜ್ ಸಾಕೆಟಿಗೆ 2.5, ಗೀಜರ್ ಮತ್ತು ಎಸಿಗೆ 4. ದೀಪದ ಸಾಲಿಗೆ 6 ಅಥವಾ 10 ಆಂಪಿಯರ್ ಎಂಸಿಬಿ. ಎಂಸಿಬಿ ಬೀಳುತ್ತದೆ ಎಂದು 10 ತೆಗೆದು 32 ಹಾಕಿದರೆ ಬೀಳುವುದು ನಿಲ್ಲುತ್ತದೆ, ಗೋಡೆಯೊಳಗೆ ವೈರು ಕಾಯಲು ಶುರುವಾಗುತ್ತದೆ. ದುಡ್ಡು ಕಡಿಮೆ ಇದ್ದಾಗ ಇಡೀ ಮನೆಯ ವೈರು ಬದಲಿಸುವುದು ಬೇಡ. ಅಡಿಗೆಮನೆ, ಬಚ್ಚಲು, ಕೂಲರ್ ಪಾಯಿಂಟು, ಇಷ್ಟಕ್ಕೆ ಹೊಸ ಸಾಲು ಎಳೆಸಿ, ಉಳಿದದ್ದು ಮುಂದಿನ ವರ್ಷ.

ನೀರು

ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಓಣಿಯವರನ್ನೇ ಕೇಳಿ. ಅವರು ಹೇಳುವುದೇ ನಿಜವಾದ ವೇಳಾಪಟ್ಟಿ. ಒಬ್ಬರಿಗೆ ದಿನಕ್ಕೆ 100 ಲೀಟರ್ ಹಿಡಿಯಿರಿ. ನಾಲ್ಕು ಮಂದಿ, ಐದು ದಿನಕ್ಕೊಮ್ಮೆ ನಳ ಎಂದರೆ 2000 ಲೀಟರ್, ಒಂದು ದಿನ ತಪ್ಪಿದರೆ ಇರಲೆಂದು ಇನ್ನೊಂದು 400. ಮನೆಯಲ್ಲಿ ಹಳೆಯ ಸಂಪ್ ಇದ್ದರೆ ಉದ್ದ, ಅಗಲ, ಆಳವನ್ನು ಅಡಿಯಲ್ಲಿ ಗುಣಿಸಿ 28ರಿಂದ ಮತ್ತೆ ಗುಣಿಸಿ. 5 ಅಡಿ, 5 ಅಡಿ, 4 ಅಡಿ ಆಳದ ಸಂಪಿನಲ್ಲಿ ಸುಮಾರು 2800 ಲೀಟರ್ ಹಿಡಿಯುತ್ತದೆ. ಹೀಗೆ ಲೆಕ್ಕ ಹಾಕಿ ನೋಡಿದರೆ ಹೊಸ ಟ್ಯಾಂಕ್ ಬೇಕಾಗುವುದೇ ಇಲ್ಲ ಎನ್ನುವ ಮನೆಗಳು ಬಹಳ.

ಸಂಪ್ ತೊಳೆಯುವಾಗ ಮುಚ್ಚಳ ತೆಗೆದು ಸಾಕಷ್ಟು ಹೊತ್ತು ಗಾಳಿಯಾಡಲು ಬಿಟ್ಟು, ಮೇಲೊಬ್ಬರನ್ನು ನಿಲ್ಲಿಸಿಕೊಂಡೇ ಇಳಿಯಬೇಕು. ಕೆಸರು ತೆಗೆದು, ಗೋಡೆ ಉಜ್ಜಿ, ನೀರು ತುಂಬಿ, 1000 ಲೀಟರಿಗೆ 150ರಿಂದ 200 ಗ್ರಾಂ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ತಿಳಿಯನ್ನು ಮಾತ್ರ ಸುರಿಯಿರಿ. ಪ್ರತಿ ನಳದಲ್ಲೂ ವಾಸನೆ ಬರುವ ತನಕ ನೀರು ಬಿಟ್ಟು ನಿಲ್ಲಿಸಿ. ಒಂದು ರಾತ್ರಿ ಹಾಗೇ ಇದ್ದು, ಮುಂಜಾನೆ ಪೂರ್ತಿ ಖಾಲಿ ಮಾಡಿ. ಈ ನೀರು ಕುಡಿಯುವುದಕ್ಕಲ್ಲ. ಬ್ಲೀಚಿಂಗ್ ಹಾಕಿದ ದಿನ ಬಚ್ಚಲಿಗೆ ಆಸಿಡ್ ಹಾಕಬೇಡಿ. ಎರಡೂ ಕೂಡಿದರೆ ಎದೆ ಹಿಡಿಯುವ ಕ್ಲೋರಿನ್ ಗಾಳಿ ಏಳುತ್ತದೆ.

ಸೋರಿಕೆ ಹುಡುಕಲು ಖರ್ಚಿಲ್ಲ. ರಾತ್ರಿ ಮಲಗುವಾಗ ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ಮುಂಜಾನೆ ನಳ ಬಿಡುವ ಮುನ್ನ ನೋಡಿ. ಇಳಿದಿದ್ದರೆ ಮೊದಲ ಅನುಮಾನ ಸಂಡಾಸಿನ ಫ್ಲಶ್ ಟ್ಯಾಂಕಿನ ಮೇಲೆ. ಅದಕ್ಕೆ ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಬಿಟ್ಟು 20 ನಿಮಿಷ ಯಾರೂ ಬಳಸದೆ ಇರಿ. ಕೆಳಗೆ ನೀಲಿ ಇಳಿದಿದ್ದರೆ ಒಳಗಿನ ರಬ್ಬರ್ ವಾಶರ್ ಹೋಗಿದೆ. ಒಂದು ವಾಶರಿನ ದುಡ್ಡಿನಲ್ಲಿ ಮುಗಿಯುವ ಕೆಲಸಕ್ಕೆ ಇಡೀ ಟ್ಯಾಂಕು ಬದಲಿಸುವವರಿದ್ದಾರೆ.

ಬೋರಿನ ಗಡಸು ನೀರಿನಿಂದ ನಳ, ಶವರ್ ಬಾಯಿಗೆ ಬೆಳ್ಳಗೆ ಗಟ್ಟಿ ಕಟ್ಟಿರುತ್ತದೆ. ಬಿಚ್ಚಿ, ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ನಿಂಬೆ ಉಪ್ಪು ಹಾಕಿ ಒಂದು ತಾಸು ನೆನೆಸಿದರೆ ಬಿಡುತ್ತದೆ. ಆ ನೀರನ್ನು ನೆಲಕ್ಕೆ ಮಾತ್ರ ಚೆಲ್ಲಬೇಡಿ, ಕಾರಣ ಮುಂದಿದೆ.

ಮಾಳಿಗೆ

ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುವುದು ಜೂನ್ 7-8ರ ಸುಮಾರಿಗೆ. ವಿಜಯಪುರಕ್ಕೆ ದೊಡ್ಡ ಮಳೆ ಬರುವುದು ಜೂನ್‌ನಲ್ಲಲ್ಲ, ಸೆಪ್ಟೆಂಬರಿನಲ್ಲಿ. ಅಂದರೆ ಮೊದಲ ಮಳೆಗೆ ಸೋರದ ಮಾಳಿಗೆ ಸೆಪ್ಟೆಂಬರಿನ ಉತ್ತರಿ ಮಳೆಗೆ ಸೋರಬಹುದು. ಮಾಳಿಗೆ ಕೆಲಸ ಮೇ ಮುಗಿಯುವುದರೊಳಗೆ ಆಗಬೇಕು, ಜೊತೆಗೆ ಆಗಸ್ಟ್‌ನಲ್ಲಿ ಒಮ್ಮೆ ಹತ್ತಿ ನೋಡಬೇಕು.

ಆರ್‌ಸಿಸಿ ಮಾಳಿಗೆ ಎಲ್ಲಿ ಸೋರುತ್ತದೆ ಎಂದು ಕೆಳಗಿನಿಂದ ಹೇಳಲಾಗುವುದಿಲ್ಲ. ಹನಿ ಬೀಳುವ ಜಾಗ ಒಂದು, ನೀರು ಹೊಕ್ಕ ಜಾಗ ಇನ್ನೊಂದು. ಸ್ಲ್ಯಾಬಿನೊಳಗೆ ನೀರು ಸರಳಿನ ಗುಂಟ, ಕರೆಂಟಿನ ಪೈಪಿನ ಗುಂಟ ಮಾರುದೂರ ಹೋಗಿ ಇಳಿಯುತ್ತದೆ. ಆದ್ದರಿಂದ ನೀರು ಇಳಿಯುವ ಪೈಪಿನ ಬಾಯಿಗೆ ಬಟ್ಟೆ ತುಂಬಿ, ಸಿಮೆಂಟಿನ ಒಡ್ಡು ಹಾಕಿ, ಒಂದೊಂದು ಭಾಗದಲ್ಲಿ ಒಂದು ಇಂಚು ನೀರು ನಿಲ್ಲಿಸಿ 24 ತಾಸು ಬಿಡಿ. 100 ಚದರ ಅಡಿಯ ಮೇಲೆ ಒಂದು ಇಂಚು ನೀರು ಎಂದರೆ 236 ಲೀಟರ್, ಅಷ್ಟೇ ಕಿಲೋ ತೂಕ. ಗಟ್ಟಿ ಸ್ಲ್ಯಾಬಿಗೆ ಇದು ಹೊರೆಯಲ್ಲ. ತೊಲೆ-ಜಂತಿಯ ಮಾಳಿಗೆಯ ಮೇಲೆ, ಕಲ್ಲಿನ ಚಪ್ಪಡಿ ಮೇಲೆ, ಕೆಳಗೆ ಸರಳು ಕಾಣುತ್ತಿರುವ ಸ್ಲ್ಯಾಬಿನ ಮೇಲೆ ಈ ಪರೀಕ್ಷೆ ಮಾಡಲೇಬಾರದು.

ಇನ್ನು ದುರಸ್ತಿ. ಹಂತ ತಪ್ಪಿಸಿದರೆ ಉಳಿದದ್ದೂ ವ್ಯರ್ಥವಾಗುವ ಕೆಲಸ ಇದು, ಅದಕ್ಕೆ ಅಂಕಿ ಹಾಕಿ ಬರೆದಿದೆ.

1. ಗುಡಿಸಿ, ತಂತಿ ಬ್ರಶ್‌ನಿಂದ ಉಜ್ಜಿ, ತೊಳೆಯಿರಿ. ಹಳೆ ಪಾಚಿ, ಸಡಿಲ ಗಿಲಾವು ಉಳಿದರೆ ಮೇಲೆ ಹಚ್ಚಿದ್ದು ಅದರ ಜೊತೆಗೇ ಕಿತ್ತು ಬರುತ್ತದೆ.

2. ಒಣಗಿದ ಮೇಲೆ ಸೀಳುಗಳಿಗೆ ಸೀಮೆಸುಣ್ಣದ ಗುರುತು ಹಾಕಿ. ಪ್ರತಿ ಸೀಳನ್ನೂ ಚಾಣದಿಂದ ಇಂಗ್ಲಿಷ್ ವಿ ಆಕಾರಕ್ಕೆ 5-6 ಮಿ.ಮೀ. ಅಗಲ, ಅಷ್ಟೇ ಆಳ ತೆರೆಯಿರಿ. ಕೂದಲೆಳೆ ಸೀಳಿನ ಮೇಲೆ ಸಿಮೆಂಟ್ ಹಾಲು ಸವರುವುದು ದುಡ್ಡು ಸುರಿದ ಹಾಗೆ, ಒಂದು ಬಿಸಿಲಿಗೆ ಮತ್ತೆ ಬಾಯಿ ಬಿಡುತ್ತದೆ.

3. ತೆರೆದ ಸೀಳಿಗೆ ನೀರು ಚಿಮುಕಿಸಿ, ಒಂದು ಪಾಲು ಸಿಮೆಂಟು, ಮೂರು ಪಾಲು ಜರಡಿ ಹಿಡಿದ ಸಣ್ಣ ಉಸುಕು, ಸಿಮೆಂಟಿನ ತೂಕದ ಹತ್ತರಲ್ಲಿ ಒಂದು ಪಾಲಿನಷ್ಟು ಎಸ್‌ಬಿಆರ್ ದ್ರಾವಣ (ಗಾರೆ ಗಟ್ಟಿ ಹಿಡಿಯಲು ಬೆರೆಸುವ ರಬ್ಬರ್ ಹಾಲು) ಹಾಕಿ ಗಟ್ಟಿಯಾಗಿ ಕಲಸಿ ತುಂಬಿ. ಅರ್ಧ ತಾಸಿನಲ್ಲಿ ಮುಗಿಯುವಷ್ಟೇ ಕಲಸಿ.

4. ಮಾಳಿಗೆಯ ನೆಲ ಮತ್ತು ಸುತ್ತಿನ ಕಟ್ಟೆಗೋಡೆ ಕೂಡುವ ಮೂಲೆ ಎಲ್ಲಕ್ಕಿಂತ ಹೆಚ್ಚು ಸೋರುವ ಜಾಗ. ಅಲ್ಲಿ ಅದೇ ಗಾರೆಯಿಂದ ಎರಡು ಇಂಚಿನ ದುಂಡು ತುಂಬಿ, ನೀರು ನಿಲ್ಲದೆ ಜಾರಬೇಕು.

5. ವಾಟ ನೋಡಿ. ಎಂಟು ಅಡಿಗೆ ಒಂದು ಇಂಚಿನಷ್ಟು ಇಳಿಜಾರು ಬೇಕು. ಒಂದು ಬಕೆಟ್ ನೀರು ಸುರಿದು ಎಲ್ಲಿ ನಿಲ್ಲುತ್ತದೆ ಎಂದು ನೋಡಿದರೆ ಗೊತ್ತಾಗುತ್ತದೆ. ನಿಂತ ತಗ್ಗುಗಳನ್ನಷ್ಟೇ ತುಂಬಿಸಿ, ಇಡೀ ಮಾಳಿಗೆಗೆ ಹೊಸ ಕಾಂಕ್ರೀಟ್ ಹಾಸುವ ಹೊರೆ ಬೇಡ. 400 ಚದರ ಅಡಿಗೆ ಒಂದು 4 ಇಂಚಿನ ಪೈಪು ಇಲ್ಲದಿದ್ದರೆ ಇನ್ನೊಂದು ಕೂಡಿಸಿ.

6. ವಾರ ದಿನ ನೀರು ಹೊಡೆದು, ಒಣಗಿಸಿ, ಸಿಮೆಂಟು-ಪಾಲಿಮರಿನ ಎರಡು ಡಬ್ಬಿಯ ಕೋಟಿಂಗ್ ಹಚ್ಚಿ. ಎರಡು ಕೈಗೆ 100 ಚದರ ಅಡಿಗೆ ಒಂಬತ್ತು ಹತ್ತು ಕಿಲೋ ಬೇಕು. ಮೊದಲ ಕೈ ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ.

ಏಪ್ರಿಲ್ ಮಧ್ಯಾಹ್ನದ ಸ್ಲ್ಯಾಬಿನ ಮೇಲೆ ಹಚ್ಚಿದ ಕೋಟಿಂಗ್ ಕುಂಚ ಎತ್ತುವುದರೊಳಗೆ ಒಣಗಿ ಹಕ್ಕಳೆ ಏಳುತ್ತದೆ. ಮುಂಜಾನೆ 9ರೊಳಗೆ ಇಲ್ಲವೆ ಸಂಜೆ 5ರ ಮೇಲೆ, ನೆಲಕ್ಕೆ ನೀರು ಹೊಡೆದು, ನೀರು ನಿಂತಿರದ ಹಾಗೆ ಒರೆಸಿ ಹಚ್ಚಿಸಿ. ಗೌಂಡಿಗೆ ಇದು ಬೇಸರದ ಮಾತು, ಆದರೂ ಬಿಡಬೇಡಿ.

ಸೋರಿಕೆ ಇಲ್ಲದ ಮಾಳಿಗೆಯವರು ಈ ಖರ್ಚಿನ ಬದಲು ಸುಣ್ಣ ಹೊಡೆಯಲಿ. 40 ಡಿಗ್ರಿ ದಾಟುವ ಊರಿನಲ್ಲಿ ಬಿಳಿ ಮಾಳಿಗೆ ಬಿಸಿಲನ್ನು ತಿರುಗಿ ಆಕಾಶಕ್ಕೆ ಎಸೆಯುತ್ತದೆ, ಕೆಳಗಿನ ಕೋಣೆ ಎರಡರಿಂದ ನಾಲ್ಕು ಡಿಗ್ರಿ ತಣ್ಣಗಿರುತ್ತದೆ. 500 ಚದರ ಅಡಿಗೆ 10-12 ಕಿಲೋ ಕಲ್ಲುಸುಣ್ಣ, 25-30 ಲೀಟರ್ ನೀರು, ಸುಣ್ಣಕ್ಕೆ ಹಾಕುವ ಬಿಳಿ ಅಂಟು ಒಂದು ಕಿಲೋ. ಕಲ್ಲುಸುಣ್ಣವನ್ನು ಕಬ್ಬಿಣದ ಡ್ರಮ್ಮಿನಲ್ಲೇ ಅರಳಿಸಿ, ಪ್ಲಾಸ್ಟಿಕ್ ಬಕೆಟ್ ಕರಗಿಬಿಡುತ್ತದೆ. ನೀರಿಗೆ ಸುಣ್ಣ ಸ್ವಲ್ಪ ಸ್ವಲ್ಪವೇ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಕಣ್ಣಿಗೆ ಕನ್ನಡಕ, ಮಕ್ಕಳು ದೂರ. ಒಂದು ದಿನ ಅರಳಿ ತಣ್ಣಗಾದ ಮೇಲೆ ಸೋಸಿ ಅಂಟು ಬೆರೆಸಿ, ಸಂಜೆ ಎರಡು ಕೈ ಹೊಡೆಯಿರಿ. ಇದು ಒಂದು ಮಳೆಗಾಲಕ್ಕೆ ಮಾಸುತ್ತದೆ, ಪ್ರತಿ ಶಿವರಾತ್ರಿ ದಾಟಿದ ಮೇಲೆ ಮತ್ತೆ ಹೊಡೆಯಬೇಕು.

ಮಣ್ಣಿನ ಮಾಳಿಗೆಯ ಮನೆ ಕೊಂಡಿದ್ದರೆ ಮಾತು ಬೇರೆ. ಅದರ ಮೇಲೆ ಸವಳು ಮಣ್ಣು ಹಾಕುವ ರೂಢಿಗೆ ಕಾರಣವಿದೆ: ಆ ಮಣ್ಣು ನೆನೆದಾಗ ಅದರ ಜೇಡಿ ಬಿಡಿಬಿಡಿಯಾಗಿ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ, ನೀರು ಕೆಳಗಿಳಿಯುವುದಿಲ್ಲ. ತಪ್ಪು ಆಗುವುದು ಹಳೆಯದನ್ನು ಕೆರೆಯದೆ ವರ್ಷವರ್ಷ ಹೊಸದನ್ನೇ ಹಾಕುವುದರಿಂದ. 100 ಚದರ ಅಡಿಗೆ ಒಂದು ಇಂಚು ಮಣ್ಣು ಒಣಗಿದ್ದಾಗಲೇ ಸುಮಾರು 375 ಕಿಲೋ. ಹತ್ತು ವರ್ಷದ ಪದರ ನೆನೆದು ತೊಲೆಯ ಮೇಲೆ ಕೂತರೆ ಏನಾಗುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ. ಮೊದಲು ಕೆರೆಯಿಸಿ, ತೊಲೆಯ ತುದಿ ಗೋಡೆಯೊಳಗೆ ಹೊಕ್ಕ ಜಾಗದಲ್ಲಿ ಗೆದ್ದಲು ಹತ್ತಿದೆಯೇ ಎಂದು ಚಾಣದಿಂದ ಚುಚ್ಚಿ ನೋಡಿ, ಆಮೇಲೆ ಮಣ್ಣು.

ಬೆಳಗಾವಿಯಲ್ಲಿ ಮನೆ ಕೊಂಡವರಿಗೆ ಮಳೆ ಇಲ್ಲಿಯದರ ಎರಡು ಪಟ್ಟು, ಹಂಚಿನ ಮನೆಗಳೂ ಹೆಚ್ಚು. ಅಲ್ಲಿ ಮೇ ತಿಂಗಳಲ್ಲಿ ಹಂಚು ತಿರುವಿ ಒಡೆದದ್ದನ್ನು ಬದಲಿಸುವುದು, ಮಳೆ ಬಡಿಯುವ ಪಡುವಣ ಗೋಡೆಗೆ ಹೊರಗಿನಿಂದ ಗಿಲಾವು ಮಾಡಿಸುವುದು ಮೊದಲ ಕೆಲಸ. ಬಾಗಲಕೋಟೆಯ ನವನಗರದಲ್ಲಿ ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಒಂದು ಭಾಗ ಮುಳುಗಿದಾಗ ಕಟ್ಟಿದ ಮನೆಗಳಿಗೆ ಈಗ ಇಪ್ಪತ್ತು ಮೂವತ್ತು ವರ್ಷದ ವಯಸ್ಸು. ಅಂಥ ವಯಸ್ಸಿನ ಮನೆಗಳಲ್ಲಿ ಕಿಡಕಿ ಮೇಲಿನ ಸಜ್ಜಾದ ಕೆಳಭಾಗ ನೋಡಿ, ಕಾಂಕ್ರೀಟ್ ಉದುರಿ ಸರಳು ಕಾಣುತ್ತಿರುತ್ತದೆ. ಅದರ ಮೇಲೆ ಗಿಲಾವು ಸವರಿದರೆ ನಿಲ್ಲದು. ಕಬ್ಬಿಣ ತುಕ್ಕಾದಾಗ ಉಬ್ಬಿ ಹೊಸ ಗಿಲಾವನ್ನೂ ದೂಡುತ್ತದೆ. ಸಡಿಲವಾದದ್ದನ್ನೆಲ್ಲ ಕೆಡವಿ, ಸರಳಿನ ಹಿಂಭಾಗವೂ ಹೊಳೆಯುವ ತನಕ ತಂತಿ ಬ್ರಶ್‌ನಿಂದ ಉಜ್ಜಿ, ತುಕ್ಕು ತಡೆಯುವ ಪ್ರೈಮರ್ ಹಚ್ಚಿ, ಆಮೇಲೆ ಎಸ್‌ಬಿಆರ್ ಗಾರೆ ತುಂಬಬೇಕು. ಸರಳು ಕಾಲುಭಾಗಕ್ಕಿಂತ ಹೆಚ್ಚು ಸವೆದಿದ್ದರೆ ಗೌಂಡಿಯ ಮಾತು ಸಾಲದು, ಎಂಜಿನಿಯರ್‌ಗೆ ತೋರಿಸಿ.

ಗೋಡೆ: ಸೀಳು ಯಾವುದು, ಹಸಿ ಎಲ್ಲಿಯದು

ಎರೆ ಮಣ್ಣಿನ ಮೇಲೆ ಕಟ್ಟಿದ ಮನೆ ಉಸಿರಾಡುತ್ತದೆ. ಮಳೆಗೆ ಮಣ್ಣು ಉಬ್ಬಿ ಎತ್ತುತ್ತದೆ, ಬೇಸಿಗೆಗೆ ಕುಗ್ಗಿ ಕೆಳಗೆ ಬಿಡುತ್ತದೆ. ಕಿಡಕಿಯ ಮೂಲೆಯಿಂದ ಓರೆಯಾಗಿ ಹೊರಟ ಸೀಳು ಮೇ ತಿಂಗಳಲ್ಲಿ ಅಗಲವಾಗಿ, ಅಕ್ಟೋಬರಿನಲ್ಲಿ ಕಿರಿದಾದರೆ ಕಾರಣ ಇದೇ. ಸೀಳಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ, ಅಗಲವನ್ನೂ ಬರೆದಿಡಿ. ಒಂದು ಮಿ.ಮೀ. ಒಳಗಿನದು ಗಿಲಾವಿನ ಸೀಳು, ಚಿಂತೆ ಬೇಡ. ಐದು ಮಿ.ಮೀ. ಮೀರಿದ್ದು, ಅಥವಾ ಋತು ಬದಲಾದರೂ ಬೆಳೆಯುತ್ತಲೇ ಹೋಗುವುದು, ಎಂಜಿನಿಯರ್ ನೋಡಬೇಕಾದದ್ದು.

ಬೇಸಿಗೆಯಲ್ಲಿ ಪೂರ್ತಿ ತೆರೆದ ಸೀಳಿಗೆ ಗಟ್ಟಿ ಸಿಮೆಂಟ್ ತುಂಬಿದರೆ ಮಳೆಗಾಲದಲ್ಲಿ ಮುಚ್ಚಿಕೊಳ್ಳಲು ಜಾಗವಿಲ್ಲದೆ ಪಕ್ಕದಲ್ಲಿ ಹೊಸ ಸೀಳು ಬೀಳುತ್ತದೆ. ಎಳೆದರೆ ಹಿಗ್ಗುವ ಅಕ್ರಿಲಿಕ್ ಸೀಲಂಟ್ ತುಂಬಿಸಿ. ಮೂಲ ಮದ್ದು ಮಾತ್ರ ಹೊರಗಿದೆ: ಮನೆಯ ಸುತ್ತ ಮೂರು ಅಡಿ ಅಗಲ ಫರಸಿ ಹಾಸಿ, ಗೋಡೆಯಿಂದ ಹೊರಕ್ಕೆ ಒಂದು ಇಂಚು ವಾಟ ಕೊಟ್ಟು, ಮಾಳಿಗೆಯ ನೀರು, ಬಚ್ಚಲ ನೀರು ಪಾಯದ ಹತ್ತಿರ ಇಂಗದ ಹಾಗೆ ಮಾಡುವುದು. ಬುನಾದಿಯ ಮಣ್ಣು ಒಂದೇ ಹದದಲ್ಲಿ ಇದ್ದಷ್ಟೂ ಗೋಡೆ ಅಲ್ಲಾಡುವುದು ಕಡಿಮೆ. ಗೋಡೆಗೆ ಆನಿಸಿ ಬೇವಿನ ಸಸಿ ನೆಡಬೇಡಿ, ಅಂಗಳದ ಆಚೆ ತುದಿಗೆ ನೆಡಿ.

ಹಸಿಯ ಗೋಡೆಗೆ ಪುಟ್ಟಿ ಮೆತ್ತುವ ಮುನ್ನ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಗೋಡೆ ಕಡೆಗೆ ಹನಿ ಕಟ್ಟಿದರೆ ನೀರು ಒಳಗಿನಿಂದ ಬರುತ್ತಿದೆ. ಕೋಣೆ ಕಡೆಗೆ ಕಟ್ಟಿದರೆ ಗಾಳಿಯಲ್ಲಿನ ತೇವ, ಕಿಡಕಿ ತೆರೆದರೆ ಸಾಕು. ಒಳಗಿನಿಂದ ಎಂದಾದರೆ ಹಿಂದಿನ ಬಚ್ಚಲ ಪೈಪು ಸೋರುತ್ತಿದೆಯೇ ನೋಡಿ. ಅದಲ್ಲದೆ ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ಸಾಲಾಗಿ ಹಸಿ ಏರಿ ಮೇಲಂಚಿನಲ್ಲಿ ಬಿಳಿ ಉಪ್ಪು ಉಕ್ಕಿದ್ದರೆ ಅದು ಪಾಯದಿಂದ ಹತ್ತಿದ ನೀರು. ಹಸಿಯ ಗೆರೆಗಿಂತ ಒಂದು ಅಡಿ ಮೇಲಿನ ತನಕ ಗಿಲಾವು ಕೆಡವಿ, ಉಪ್ಪನ್ನು ಒಣ ಬ್ರಶ್‌ನಿಂದ ಉದುರಿಸಿ. ನೀರು ಹಾಕಿ ತೊಳೆದರೆ ಉಪ್ಪು ಮತ್ತೆ ಒಳಗೇ ಇಳಿಯುತ್ತದೆ. ಮೂರು ನಾಲ್ಕು ವಾರ ಬರಿಗೋಡೆ ಒಣಗಲಿ. ಆಮೇಲೆ ಬರೀ ಸಿಮೆಂಟ್ ಬೇಡ. ಒಂದು ಪಾಲು ಸಿಮೆಂಟು, ಒಂದು ಪಾಲು ಸುಣ್ಣ, ಆರು ಪಾಲು ಉಸುಕು. ಗೋಡೆಯ ತೇವ ಹೊರಬೀಳಲು ದಾರಿ ಇರುತ್ತದೆ. ಗಟ್ಟಿ ಸಿಮೆಂಟಿನಿಂದ ಮುಚ್ಚಿದರೆ ಹಸಿ ಇನ್ನೂ ಎರಡು ಅಡಿ ಮೇಲೇರಿ ಅಲ್ಲಿ ಒಡೆಯುತ್ತದೆ.

ಉಳಿದ ಗೋಡೆಯ ಸಾದಾ ಗಿಲಾವಿಗೆ ಒಂದಕ್ಕೆ ಆರು ಸಾಕು. 100 ಚದರ ಅಡಿಗೆ ಅರ್ಧ ಇಂಚು ದಪ್ಪಕ್ಕೆ ಮುಕ್ಕಾಲು ಚೀಲ ಸಿಮೆಂಟು, ಐದಾರು ಘನ ಅಡಿ ಉಸುಕು. ಉಸುಕು ಇಳಿಸಿಕೊಳ್ಳುವ ಮುನ್ನ ಗಾಜಿನ ಬಾಟಲಿಗೆ ಅರ್ಧ ಉಸುಕು, ಮೇಲೆ ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಮೂರು ತಾಸು ಇಡಿ. ಮೇಲೆ ಕೂತ ಮಣ್ಣಿನ ಪದರ ಉಸುಕಿನ ಹನ್ನೆರಡರಲ್ಲಿ ಒಂದು ಪಾಲಿಗಿಂತ ದಪ್ಪ ಇದ್ದರೆ ಟ್ರಾಕ್ಟರ್ ತಿರುಗಿಸಿ ಕಳಿಸಿ. ಕಲಸಲು ಸವಳು ಬೋರಿನ ನೀರು ಬಳಸಬೇಡಿ. ಉಪ್ಪುನೀರಿನ ಡೋಣಿ ಹೊಳೆಯ ಸಾಲಿನ ಊರುಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರಿನ ಉಪ್ಪೇ ನಾಳೆ ಗೋಡೆಯ ಮೇಲೆ ಹೂವಾಗಿ ಬರುತ್ತದೆ.

ಗೌಂಡಿಯ ಲೆಕ್ಕದ ಬಗ್ಗೆ ಒಂದು ಮಾತು. ಅಳೆಯಲು ಬರುವ ಕೆಲಸ, ಅಂದರೆ ಗಿಲಾವು, ಕೋಟಿಂಗ್, ಫರಸಿ, ಇವನ್ನು ಚದರ ಅಡಿಯ ಗುತ್ತಿಗೆಗೆ ಕೊಡಿ. ಸೀಳು ತೆರೆಯುವುದು, ಸರಳು ಉಜ್ಜುವುದು ದಿನಗೂಲಿಗೆ. ಇವನ್ನು ಗುತ್ತಿಗೆಗೆ ಕೊಟ್ಟರೆ ಉಜ್ಜುವುದು ಅರ್ಧಕ್ಕೇ ನಿಲ್ಲುತ್ತದೆ.

ನೆಲ

ಶಹಾಬಾದ್ ಅಥವಾ ತಾಳಿಕೋಟೆ ಫರಸಿ ಹಾಸಿದ ನೆಲ ಸಿಕ್ಕಿದ್ದರೆ ಕಿತ್ತು ಟೈಲ್ಸ್ ಹಾಕಬೇಡಿ, ಬೇಸಿಗೆಯಲ್ಲಿ ಅದರ ತಂಪಿಗೆ ಸಾಟಿ ಇಲ್ಲ. ಅದು ಸುಣ್ಣದ ಕಲ್ಲು. ಆಸಿಡ್, ನಿಂಬೆ ಉಪ್ಪು, ಹುಣಸೆಹುಳಿ ಬಿದ್ದ ಕಡೆ ನೊರೆ ಎದ್ದು ಹೊಳಪು ಸತ್ತು ಬೆಳ್ಳಗಾಗುತ್ತದೆ. ಯಾವ ಕಲ್ಲು ಎಂದು ಅನುಮಾನ ಬಂದರೆ ಮೂಲೆಯಲ್ಲಿ ಎರಡು ಹನಿ ನಿಂಬೆರಸ ಬಿಟ್ಟು ನೋಡಿ. ಗುಳ್ಳೆ ಎದ್ದರೆ ಸುಣ್ಣದ ಕಲ್ಲು; ಇಳಕಲ್ಲಿನ ಕೆಂಪು ಗ್ರ್ಯಾನೈಟ್ ಆದರೆ ಏನೂ ಆಗದು. ಜಿಡ್ಡು ತೆಗೆಯಲು ಬಿಸಿನೀರಿಗೆ ವಾಷಿಂಗ್ ಸೋಡಾ ಸಾಕು. ಸಂದುಗಳ ಗಾರೆ ಉದುರಿದ್ದರೆ ಕೆರೆದು ಮತ್ತೆ ತುಂಬಿಸಿ, ವಾರ ಬಿಟ್ಟು ಮಶೀನ್ ಪಾಲಿಶ್ ಮಾಡಿಸಿ. ಫರಸಿ ತಟ್ಟಿದರೆ ಡೊಬ್ ಎನ್ನುವ ಕಡೆ ಮಾತ್ರ ಎತ್ತಿ ಮತ್ತೆ ಕೂಡಿಸಬೇಕು.

ಕೂಲರ್ ಇಡುವ ಜಾಗವನ್ನೂ ಈಗಲೇ ಗೊತ್ತು ಮಾಡಿ. ಅದು ಕಿಡಕಿಯ ಹೊರಗೆ ಇದ್ದು ಒಣಗಾಳಿ ಎಳೆಯಬೇಕು, ಎದುರಿನ ಕಿಡಕಿ ಅಥವಾ ಬಾಗಿಲು ಅರ್ಧ ತೆರೆದಿರಬೇಕು. ಕೋಣೆ ಮುಚ್ಚಿಕೊಂಡು ಕೂಲರ್ ಹಾಕಿದರೆ ಒಂದು ತಾಸಿನಲ್ಲಿ ಮೈ ಅಂಟುತ್ತದೆ.

ಬಣ್ಣ

ಹೊಸ ಗಿಲಾವಿಗೆ 28 ದಿನ ಆಗದೆ ಬಣ್ಣ ಮುಟ್ಟಿಸಬೇಡಿ. ಹಸಿಗೆ ದುರಸ್ತಿ ಮಾಡಿದ ಗೋಡೆಗೆ ಒಂದು ಮಳೆಗಾಲ ದಾಟಲಿ, ಅಲ್ಲಿಯ ತನಕ ನೀಲಿ ಬೆರೆಸಿದ ಸುಣ್ಣವೇ ಸಾಕು.

ಎಷ್ಟು ಬೇಕೆಂಬ ಲೆಕ್ಕ ಅಂಗಡಿಯವರಿಗೆ ಬಿಡಬೇಡಿ. 10 ಅಡಿಗೆ 12 ಅಡಿಯ ಕೋಣೆ, 10 ಅಡಿ ಎತ್ತರ: ಸುತ್ತಳತೆ 44, ಗೋಡೆ 440 ಚದರ ಅಡಿ. ಒಂದು ಬಾಗಿಲು 21, ನಾಲ್ಕಡಿ ಚೌಕದ ಎರಡು ಕಿಡಕಿ 32 ಕಳೆದರೆ 387. ಮೇಲ್ಭಾಗ 120 ಕೂಡಿಸಿದರೆ 507. ಸಾದಾ ಎಮಲ್ಶನ್ ಒಂದು ಲೀಟರಿಗೆ ಎರಡು ಕೈ ಸುಮಾರು 100 ಚದರ ಅಡಿ ಹೋಗುತ್ತದೆ, ಅಂದರೆ 5 ಲೀಟರ್. ಡಿಸ್ಟೆಂಪರ್ ಆದರೆ ಸುಮಾರು 10 ಕಿಲೋ. ಬಿಸಿಲು ಬೀಳುವ ಪಡುವಣ ಕೋಣೆಗೆ ತಿಳಿ ಬಣ್ಣ, ಅಡಿಗೆಮನೆಗೆ ಒರೆಸಲು ಬರುವಂಥದ್ದು. ಉಳಿದ ಬಣ್ಣವನ್ನು ಸಣ್ಣ ಡಬ್ಬಿಗೆ ಬಾಯಿತನಕ ತುಂಬಿ, ಮುಚ್ಚಳದ ಮೇಲೆ ಶೇಡ್ ನಂಬರ್, ಕೋಣೆ, ತಿಂಗಳು ಬರೆದು ಅಟ್ಟಕ್ಕೆ ಹಾಕಿ. ಮುಂದೆ ಸ್ವಿಚ್ ಬೋರ್ಡ್ ಬದಲಿಸಿದಾಗ ಸುತ್ತ ಒಂದು ಗೇಣು ಸವರಲು ಅಷ್ಟು ಸಾಕು.